ಸಾಂತಾಕ್ರೂಜ್ ಬಂದ್ರೆ ಏಳಬೇಕು

ಸೊಂಟನೋವಿಗೆ ಈ ಮೈಂಡ್‌ಫುಲ್‌ನೆಸ್ಸು ಗಿಂಡ್‌ಫುಲ್‌ನೆಸ್ಸು ಎಲ್ಲ ಉಪಯೋಗ ಆಗುತ್ತಾ ಅಂತ ಮೊನ್ನೆ ಯಾರೋ ಕಾಮೆಂಟಲ್ಲಿ ಕೇಳಿದ್ರು. ಆಗುತ್ತೆ. ನನಗೆ ಆಯ್ತು. ಆಗಿದ್ದೇ ತಪ್ಪಾಯ್ತು.

ಮೊದ್ಲು ನಮ್ಮ ಲೋಕಲ್ ಟ್ರೇನಿನ ಲೇಡೀಸ್ ಡಬ್ಬಾದ, ಅಂದ್ರೆ ಹೆಂಗಸರ ಬೋಗಿಯ, ಕಾನೂನು ಹೇಳ್ಬೇಕು. ನಾನು ಬೊರಿವಲಿಯಲ್ಲಿ ಖಾಲಿ ಲೋಕಲ್ ಹತ್ತೋಳು, ಸೀಟು ಸಿಗುತ್ತೆ. ಮಲಾಡಲ್ಲಿ ಹತ್ತೋರಿಗೆ ಸಿಗಲ್ಲ. ಅದಕ್ಕೆ ನಮ್ಮ ಗುಂಪಲ್ಲಿ ಒಂದು ಒಪ್ಪಂದ. ಕೂತೋರು ಸಾಂತಾಕ್ರೂಜಲ್ಲಿ ಎದ್ದು ನಿಂತೋರನ್ನ ಕೂರಿಸ್ಬೇಕು. ಅಲ್ಲಿಂದ ಚರ್ಚ್‌ಗೇಟ್ ತನಕ ಸೀಟು ಅವರದು. ಯಾರೂ ಬರೆದಿಟ್ಟಿಲ್ಲ, ಆದ್ರೆ ಮುರಿದೋರ ಜೊತೆ ಮಾತು ಬಂದ್.

ನನ್ನ ಸೀಟಿಗೆ ಜೋಡಿ ಮಲಾಡಲ್ಲಿ ಹತ್ತೋ ಹುಬ್ಬಳ್ಳಿ ಕಡೆಯೋಳು. ಸೀರೆ ಅಂಗಡೀಲಿ ಕೆಲ್ಸ, ದಿನವಿಡೀ ನಿಂತೇ ಇರ್ಬೇಕು. ಗುಂಪಲ್ಲಿ ಕನ್ನಡದೋರು ನಾವಿಬ್ರೇ. ನನ್ನ ಮೈಸೂರು ಮಾತು ಕೇಳಿ, "ಅಕ್ಕಾ, ನೀ ಬೈದ್ರೂ ಪೂಜಿ ಮಾಡಿದಂಗ ಕೇಳಿಸ್ತೈತಿ" ಅಂತಿದ್ಲು.

ನನ್ನ ಡಿಸ್ಕ್ ಜಾರಿ ಆರು ವರ್ಷ. ಸೊಂಟದಿಂದ ಎಡಗಾಲ ಹಿಮ್ಮಡಿ ತನಕ ಕಾದ ತಂತಿ ಎಳೆದಂಗೆ. ಆಗೆಲ್ಲ ಬಗ್ಗಿ, ಕಂಬಿ ಹಿಡ್ಕೊಂಡು, ಮುಖ ಕಿವುಚ್ಕೊಂಡು ಹತ್ತುತಿದ್ದೆ. ಒಂದಿನ ಸಾಂತಾಕ್ರೂಜಲ್ಲಿ ಏಳೋಕೆ ಹೋದ್ರೆ ಅವಳೇ ತಡೆದ್ಲು. "ಸುಮ್ನ ಕುಂದ್ರಕ್ಕಾ. ನನಗ ನಿಂತು ರೂಢಿ ಐತಿ." ಒಂದು ವರ್ಷ ತನ್ನ ಪಾಳಿ ನನಗೆ ಬಿಟ್ಟುಕೊಟ್ಲು.

ಆಮೇಲೆ ಡಾಕ್ಟರು ನನ್ನನ್ನ ಒಂದು ಕ್ಲಾಸಿಗೆ ಕಳಿಸಿದ್ರು. ಕಲಿಸೋ ಮೇಡಂ ಮೊದ್ಲ ದಿನಾನೇ ಹೇಳಿದ್ರು, "ನೋವು ಹೋಗಲ್ಲ. ಅದರ ಜೊತೆ ಜಗಳ ಆಡೋದು ನಿಲ್ಸಿ." ಕಣ್ಮುಚ್ಚಿ ಕಾಲ್ಬೆರಳಿಂದ ಶುರು ಮಾಡಿ ಮೈಯ ಒಂದೊಂದೇ ಭಾಗ ಗಮನಿಸೋದು. ನೋವಿರೋ ಜಾಗಕ್ಕೆ ಬಂದಾಗ ಓಡಿಹೋಗದೆ, ಉರೀತಿದ್ಯಾ, ಸೆಳೀತಿದ್ಯಾ ಅಂತ ನೋಡ್ತಾ ಉಸಿರಾಡೋದು. ಮನೇಲಿ ಪುರುಸೊತ್ತೆಲ್ಲಿ? ಟ್ರೇನಲ್ಲೇ ಮಾಡ್ದೆ. ಮೂರು ತಿಂಗಳಲ್ಲಿ ನೋವು ಅಷ್ಟೇ ಇತ್ತು, ಆದ್ರೆ ಹಲ್ಲು ಕಚ್ಚೋದು ನಿಂತಿತ್ತು. ನೆಟ್ಟಗೆ ನಡೆದೆ. ಜೋಕಿಗೆ ನಕ್ಕೆ. ಲಿಪ್‌ಸ್ಟಿಕ್ ಕೂಡ ಹಾಕ್ದೆ.

ನಮ್ಮ ಡಬ್ಬಾದಲ್ಲಿ ಸಾಂತಾಕ್ರೂಜ್ ಹತ್ರ ಬಂದಾಗ ಕಣ್ಮುಚ್ಚೋರು ಅಂದ್ರೆ ಸೀಟು ಬಿಡಬಾರದು ಅಂತ ನಿದ್ದೆ ನಾಟಕ ಆಡೋರು. ಅಂಥೋರನ್ನ ನಾನೂ ಆಡ್ಕೊಂಡಿದೀನಿ.

ಒಂದಿನ ಕಣ್ಮುಚ್ಚಿ ಗಮನ ಸೊಂಟಕ್ಕೆ ತಂದಿದ್ದೆ. ಅವಳ ದನಿ ಕೇಳಿಸ್ತು. "ಅಕ್ಕಾ, ಸಾಂತಾಕ್ರೂಜ್ ಬಂತು."

ಶಬ್ದ ಬಂದ್ರೆ ಬರ್ಲಿ, ಹೋದ್ರೆ ಹೋಗ್ಲಿ ಅಂತ ಕ್ಲಾಸಲ್ಲಿ ಮೇಡಂ ಹೇಳ್ಕೊಟ್ಟಿದ್ರು, ಬಿಟ್ಟೆ.

"ಏನ್ ನಿದ್ದಿ ಬಿಡವಾ. ತುಟಿಗೆ ಬಣ್ಣ ಹಚ್ಚಾಕ ಎಚ್ಚರ ಇರ್ತೈತಿ, ಏಳಾಕ ಇರಂಗಿಲ್ಲ." ಆಮೇಲೆ ಎಲ್ಲರಿಗೂ ತಿಳೀಲಿ ಅಂತ ಹಿಂದೀಲಿ, "ಮ್ಯಾಡಮ್ ಠೀಕ್ ಹೋ ಗಯೀ, ಸೀಟ್ ಕೀ ಆದತ್ ನಹೀ ಗಯೀ." ಮೈ ಹುಷಾರಾದ್ರೂ ಸೀಟಿನ ಚಟ ಬಿಟ್ಟಿಲ್ಲ ಅಂತ.

ಎಲ್ಲರೂ ನಕ್ರು. ಅದೂ ಒಂದು ಶಬ್ದ ಅಂತ ಉಸಿರು ನೋಡ್ತಾ ಕೂತೆ ನಾನು, ದೊಡ್ಡ ಸಾಧಕಿ. ಕಣ್ಬಿಟ್ಟಾಗ ಬಾಂದ್ರಾ ದಾಟಿತ್ತು, ಅವಳು ನನಗೆ ಬೆನ್ನು ಹಾಕಿ ನಿಂತಿದ್ಲು.

ಮಾರನೇ ದಿನ ಹೇಳ್ದೆ, "ನೋವು ಇನ್ನೂ ಇದೆ ಕಣೆ."

"ಕಾಣಂಗಿಲ್ಲಲ್ಲಕ್ಕಾ" ಅಂದ್ಲು.

ಎದ್ದೆ. ಚರ್ಚ್‌ಗೇಟ್ ತನಕ ನಿಂತೆ. ಇಳಿಯೋವಾಗ ಎಡಗಾಲು ನೆಲ ಮುಟ್ಟಿದ್ದೇ ತಿಳೀಲಿಲ್ಲ. ಒಂದು ವಾರ ಹೀಗೇ ಆಯ್ತು, ಅದರಲ್ಲಿ ಎರಡು ದಿನ ಮಲಗಿದ್ದೆ. ರಜಾ ಎಲ್ಲ ಮುಗಿದಿತ್ತು. ಆಗಲ್ಲ ಅಂದ್ರೆ ಕೆಲ್ಸ ಬಿಡಿ ಅಂತ ಬಾಸ್ ನಗ್ತಾನೇ ಹೇಳಿದ. ಸೀಟು ಇಲ್ಲದಿದ್ರೆ ನನ್ನ ಕೆಲ್ಸನೂ ಇಲ್ಲ ಅಂತ ಆವತ್ತು ಗೊತ್ತಾಯ್ತು.

ಸೋಮವಾರ ವಿಲೇಪಾರ್ಲೆ ದಾಟ್ತಿದ್ದಂಗೆ ಸೊಂಟ ಹಿಡ್ಕೊಂಡು "ಅಮ್ಮಾ" ಅಂದೆ. ಏಳೋಳ ಥರ ಮಾಡಿ ಅರ್ಧಕ್ಕೇ ಬಗ್ಗಿ ನಿಂತೆ. ನೋವಿತ್ತು, ಸುಳ್ಳಲ್ಲ. ಆ ಮುಖ ಮಾತ್ರ ಸುಳ್ಳು.

"ಕುಂದ್ರಕ್ಕಾ, ಕುಂದ್ರು" ಅಂತ ಬಂದ್ಲು. "ಅವತ್ತ ಅಂದದ್ದು ಮನಸಿಗೆ ಹಚ್ಕೋಬ್ಯಾಡ."

ಕೂತೆ. ಅವಳು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸ್ತಾ ನಿಂತ್ಲು. ಹಿಮ್ಮಡಿ ಮೇಲೆ ನರ ಉಬ್ಬಿ ಹಸಿರಾಗಿದ್ದು ಸೀರೆ ಅಂಚಿನ ಕೆಳಗೆ ಕಾಣ್ತಿತ್ತು. ನೋಡಿದ್ರೂ ಏಳಲಿಲ್ಲ.

ಈಗ ದಿನಾ ಇದೇ ಮಾಡ್ತೀನಿ. ಉಸಿರು ನೋಡೋದನ್ನ ಮಾತ್ರ ಬಿಟ್ಟಿಲ್ಲ. ಬೆಳಿಗ್ಗೆ ಬಾತ್‌ರೂಮ್ ಬಾಗ್ಲು ಹಾಕ್ಕೊಂಡು, ಬಕೆಟ್ಟು ತುಂಬೋ ತನಕ, ಯಾರಿಗೂ ಕಾಣದ ಹಾಗೆ ನೆಟ್ಟಗೆ ಕೂರ್ತೀನಿ.