ರಂಜಿತಳ ಕಂಪ್ಯೂಟರಿನ ಹೊತ್ತು

ಮದ್ದೂರಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ರಂಜಿತಳ ಜೆರಾಕ್ಸ್ ಅಂಗಡಿಯಿದೆ. ಪಹಣಿ, ಲಗ್ನಪತ್ರಿಕೆ, ಜಾತಕ ಎಲ್ಲವೂ ಅಲ್ಲಿ ಸಿಗುತ್ತವೆ. ಅವಳ ಮನೆಯ ಗೋಡೆಯ ಮೇಲಿರುವುದು ಬುದ್ಧನ ಪಟ. ಆ ಮನೆಯವರಲ್ಲಿ ಯಾರೂ ಜಾತಕ ನೋಡಿ ಮದುವೆಯಾದವರಲ್ಲ. ಆದರೂ ಬಂದವರ ಹುಟ್ಟಿದ ದಿನ, ಹೊತ್ತು, ಊರನ್ನು ಎರಡೆರಡು ಸಲ ಕೇಳಿಯೇ ಟೈಪ್ ಮಾಡುತ್ತಾಳೆ. ನಂಬುವವರ ಬದುಕು ಅದರ ಮೇಲೆ ನಿಂತಿರುತ್ತದೆ ಎಂದು ಅವಳಿಗೆ ಗೊತ್ತು.

ಮೊನ್ನೆ ಬೆಳಿಗ್ಗೆ ಬೆಟ್ಟಮ್ಮ ಮೊಮ್ಮಗಳು ಅಮೃತಳೊಂದಿಗೆ ಬಂದು, ಇಲ್ಲೇ ತೆಗೆಸಿದ್ದ ಜಾತಕವನ್ನು ಮೇಜಿನ ಮೇಲಿಟ್ಟರು. ಅಮೃತ ಮೆಚ್ಚಿದ ಮಳವಳ್ಳಿಯ ಹುಡುಗನದು ಮೃಗಶಿರ. ಇವಳದೂ ಮೃಗಶಿರವೆಂದೇ ಹಾಳೆಯಲ್ಲಿತ್ತು. ಇಬ್ಬರದೂ ಒಂದೇ ನಕ್ಷತ್ರವಾದರೆ ಬೇಡವೆಂದು ಹುಡುಗನ ಮನೆಯವರು ಹೇಳಿ ಕಳಿಸಿದ್ದರು.

“ಇವ್ಳು ಉಟ್ದಾಗ ಐನೋರು ರೋಹಿಣಿ ಅಂದಿದ್ರು ಕಣವ್ವ,” ಎಂದರು ಬೆಟ್ಟಮ್ಮ. “ನಿನ್ ಮಿಸೀನ್ಗೋಸ್ಕರ ಇನ್ನೊಂದ್ಸತಿ ಉಟ್ಟುಸ್ಲಾ?”

ರಂಜಿತ ಮತ್ತೆ ಟೈಪ್ ಮಾಡಿದಳು. ಮತ್ತೆ ಮೃಗಶಿರವೇ. ಅಷ್ಟರಲ್ಲಿ ನೆಟ್ ಬಂದು, ಪರದೆಯ ಮೂಲೆಯ ಗಡಿಯಾರ ಎಂದಿನಂತೆ ರಾತ್ರಿಗೆ ಜಾರಿತು. ಬೆಂಗಳೂರಿನ ಕಂಪನಿಯೊಂದು ಮಾರಿದ ಹಳೆಯ ಕಂಪ್ಯೂಟರ್ ಅದು. ತಂದಾಗಿನಿಂದ ಇದೇ ಹಠ. ಗೋಡೆಯ ಗಡಿಯಾರ ನೋಡಿ ಗಂಟೆ ತಿದ್ದುವುದು ಅವಳಿಗೆ ಅಭ್ಯಾಸವಾಗಿತ್ತು.

“ಈಚೆ ಬಿಸ್ಲು ಸುಡ್ತಾ ಅದೆ, ಇದ್ರೊಳ್ಗೆ ರಾತ್ರೆ. ಯಾವ್ ದೇಸದ್ದವ್ವ ಇದು?”

ತಿದ್ದಲು ಹೋದ ಕೈ ನಿಂತಿತು. ಗಂಟೆಯ ಕೆಳಗಿನ ಸಾಲನ್ನು ರಂಜಿತ ಇದುವರೆಗೆ ಓದಿರಲಿಲ್ಲ. ಅಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ಹೆಸರಿತ್ತು. ಅವಳು ಗಂಟೆಯನ್ನಷ್ಟೇ ಬದಲಿಸುತ್ತಿದ್ದಳು. ಊರು ಸರಿಯಿದ್ದರೂ ಜಾತಕದ ಪ್ರೋಗ್ರಾಮು ಆ ಸಾಲನ್ನೇ ನಂಬಿ, ಅಮೃತ ಹುಟ್ಟಿದ ಹೊತ್ತನ್ನು ಆ ದೇಶದ ಹೊತ್ತೆಂದೇ ಹಿಡಿದಿತ್ತು.

ಭಾರತದ ಸಮಯವನ್ನು ಆರಿಸಿದಳು. ಗಡಿಯಾರ ತಾನಾಗಿ ಹಗಲಿಗೆ ಬಂತು. ಹೊಸ ಹಾಳೆಯಲ್ಲಿ ರೋಹಿಣಿ.

“ತಪ್ಪು ನಂದೇ ಅಜ್ಜಿ. ಅವ್ರಿಗೆ ನಾನೇ ಹೇಳ್ತೀನಿ,” ಎಂದು ರಂಜಿತ ಹುಡುಗನ ತಂದೆ ಚೌಡಯ್ಯನವರಿಗೆ ಸ್ಪೀಕರ್ ಹಾಕಿ ಫೋನ್ ಮಾಡಿ, ಆದದ್ದನ್ನೆಲ್ಲ ಮುಚ್ಚಿಡದೆ ಹೇಳಿದಳು.

“ಸರಿಯಾಗಿರೋದ್ನ ಕಳ್ಸಮ್ಮ, ಐನೋರ್ಗೆ ತೋರುಸ್ತೀನಿ,” ಎಂದರು ಅವರು. “ನಮ್ಮೈದ ಸರಿಯಾಗಿ ಊಟನೇ ಮಾಡ್ತಿಲ್ಲ. ಅವ್ನಿಗೊಂದ್ ಮಾತು ಯೋಳ್ತೀನಿ ಇರು.”

ಅಮೃತ ಬೀದಿಯ ಕಡೆ ತಿರುಗಿ ನಿಂತಳು. ಬೆಟ್ಟಮ್ಮ ಹಾಳೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

ಅವರು ಹೋದ ಮೇಲೆ ರಂಜಿತ ಬೇರೆ ಕೆಲಸ ಮುಟ್ಟಲಿಲ್ಲ. ಈ ಕಂಪ್ಯೂಟರಿನಲ್ಲಿ ಜಾತಕ ತೆಗೆಸಿಕೊಂಡಿದ್ದ ಉಳಿದವರ ಫೈಲುಗಳನ್ನು ಒಂದೊಂದಾಗಿ ತೆರೆಯತೊಡಗಿದಳು.