ಫೋನಿನಲ್ಲಿ ಓದಿಹೇಳಿದ ಇ-ಮೇಲ್

ಉಡುಪಿ ಕಡೆಯ ಶ್ರೀಪತಿ ಕೊಚ್ಚಿಯ ತಂತಿ ಕಚೇರಿಯಲ್ಲಿ ಹದಿನಾಲ್ಕು ವರ್ಷ ಟೆಲಿಪ್ರಿಂಟರ್ ನಡೆಸಿದ್ದರು. ಫೋನ್ ಇರುವ ಮನೆಗೆ ತಂತಿ ಬಂದರೆ ಮೊದಲು ಒಕ್ಕಣೆಯನ್ನು ಫೋನಿನಲ್ಲಿ ಓದಿಹೇಳುವುದು, ಕಾಗದವನ್ನು ಆಮೇಲೆ ತಲುಪಿಸುವುದು ಅಲ್ಲಿನ ಪದ್ಧತಿ. ರಿಸೀವರ್ ಎತ್ತಿದವರು ಮನೆಯವರೇ ಎಂಬ ನಂಬಿಕೆ. ಕೊಚ್ಚಿ ಪಕ್ಕದ ಏಲೂರಿನ ಕಾರ್ಖಾನೆ ಕ್ವಾರ್ಟರ್ಸುಗಳಿಗೆ ಹೀಗೆ ಎಷ್ಟು ಸಾವುಗಳನ್ನು ಓದಿದ್ದರೋ ಅವರಿಗೇ ನೆನಪಿಲ್ಲ.

೧೯೯೫ರಲ್ಲಿ ತಂತಿಗಳು ಕಡಿಮೆಯಾಗಿ, ಅವರನ್ನು ತಿರುವನಂತಪುರದ ಒಂದು ಸಂಶೋಧನಾ ಸಂಸ್ಥೆಗೆ ನಿಯೋಜಿಸಿದರು. ಇಡೀ ಸಂಸ್ಥೆಗೆ ಇ-ಮೇಲ್ ಬರುತ್ತಿದ್ದುದು ಒಂದೇ ಕಂಪ್ಯೂಟರಿಗೆ. ಬಂದದ್ದನ್ನು ಮುದ್ರಿಸಿ ಅವರವರಿಗೆ ಕೊಡುವುದು ಶ್ರೀಪತಿಯವರ ಕೆಲಸ.

ಮರುವರ್ಷ ಜೂನಿನಲ್ಲಿ ಸಂಸ್ಥೆಯಲ್ಲಿದ್ದ ಮೈಸೂರಿನ ವಿಜ್ಞಾನಿ ಸುಮಿತ್ರ ಅವರಿಗೆ ಹೈದರಾಬಾದಿನಿಂದ ಇ-ಮೇಲ್ ಬಂತು: ಸೋಮವಾರ ಹೊಸ ಹುದ್ದೆಯ ಸಂದರ್ಶನ. ಶುಭಸುದ್ದಿ ತಡವಾಗಬಾರದೆಂದು ಶ್ರೀಪತಿ ಅವರ ವಿಭಾಗಕ್ಕೆ ಫೋನ್ ಮಾಡಿದರು. ಆ ಕಡೆ ಯಾರೋ ‘ಹ್ಞೂಂ’ ಎಂದದ್ದೇ ತಡ, ಸಹಿಯವರೆಗೂ ಓದಿದರು.

“ಥ್ಯಾಂಕ್ಯೂ ಶ್ರೀಪತಿ,” ಎಂದಿತು ವಿಭಾಗದ ಮುಖ್ಯಸ್ಥ ರಾಮದಾಸರ ಧ್ವನಿ. ಸುಮಿತ್ರ ಅರ್ಜಿ ಹಾಕಿದ್ದು ರಾಮದಾಸರಿಗೆ ತಿಳಿಸದೆಯೇ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಎಲ್ಲರೆದುರು ರಾಮದಾಸ ಸುಮಿತ್ರ ಅವರನ್ನು ಚುಚ್ಚಿದರು: “ಹೈದರಾಬಾದಿಗೆ ಬಿರಿಯಾನಿ ತಿನ್ನಲು ಹೊರಟಿದ್ದೀರಂತೆ? ರಜೆ ಮಾತ್ರ ಸಿಗದು.”

ಅರ್ಜಿಯ ವಿಷಯ ಸುಮಿತ್ರ ಹೇಳಿದ್ದು ಪಕ್ಕದ ಮೇಜಿನ ಜೋಸೆಫ್ ಒಬ್ಬರಿಗೆ. ಸುಮಿತ್ರ ನೇರವಾಗಿ ಶ್ರೀಪತಿಯವರ ಕೋಣೆಗೆ ಬಂದರು.

“ನೋಡಿ ಶ್ರೀಪತಿಯವರೇ, ಅಣ್ಣನ ಥರ ನಂಬಿದ್ದೆ. ಹೋಗಿ ರಾಮದಾಸರ ಕಿವಿಗೆ ಊದಿದಾನೆ!”

“ಯಾರು?”

“ಇನ್ಯಾರು, ಆ ಜೋಸೆಫ್!”

ಶ್ರೀಪತಿ ಮುದ್ರಿಸಿದ ಹಾಳೆಯನ್ನು ಅವರ ಕೈಗಿತ್ತರು.

ಸಂದರ್ಶನ ತಪ್ಪಿತು. ತಿಂಗಳ ನಂತರ ಜೋಸೆಫ್ ಬಂದು, ಮಲಯಾಳದಲ್ಲಿ ಅಣ್ಣ ಎಂದು ಕರೆದು, ಕೇಳಿದರು: “ಚೇಟ್ಟಾ, ಸುಮಿತ್ರ ನನ್ನ ಹತ್ತಿರ ಮಾತೇ ಬಿಟ್ಟಿದ್ದಾಳೆ. ನಿಮ್ಮ ಭಾಷೆಯವಳಲ್ಲವಾ, ಏನೆಂದು ಕೇಳಿ ಹೇಳಿ.”

“ಕೇಳ್ತೇನೆ,” ಎಂದರು ಶ್ರೀಪತಿ. ಕೇಳಲಿಲ್ಲ. ಮುಂದೆ ಜೋಸೆಫ್ ಬರುವ ಹೊತ್ತಿಗೆ ಬಾಗಿಲು ಮುಚ್ಚಿ ಕೂರತೊಡಗಿದರು.

೧೯೯೯ರಲ್ಲಿ, ತಿರುವನಂತಪುರದ ಶ್ರೀಕಾರ್ಯಂ ಬಡಾವಣೆಯ ಅವರ ಬಾಡಿಗೆ ಮನೆಯಲ್ಲಿ, ಹಳೆಯ ತಂತಿ ನೌಕರರ ನೆನಪುಗಳನ್ನು ಬರೆದುಕೊಳ್ಳುತ್ತಿದ್ದ ನನ್ನೊಂದಿಗಿನ ನಾಲ್ಕನೆಯ ಭೇಟಿಯಲ್ಲಿ ಅವರು ಇದನ್ನು ಹೇಳಿದರು. ಅದುವರೆಗೆ ಯಂತ್ರಗಳ ಬಗ್ಗೆ ಮಾತ್ರ ಮಾತಾಡಿದ್ದರು. ಬರಹದಲ್ಲಿ ಹೆಸರುಗಳನ್ನು ಬದಲಾಯಿಸುತ್ತೇನೆ ಎಂದು ತಿಳಿಸಿದೆ.

“ಬೇಡ ಮಾರಾಯ್ರೆ,” ಎಂದರು ತಲೆಯೆತ್ತದೆ. “ಹೆಸರು ತೆಗೆದ್ರೆ ಆ ಅಪವಾದ ಜೋಸೆಫ್ ಮೇಲೆಯೇ ಉಳೀತದೆ. ಅವಳು ಓದಿದ್ರೆ ಗೊತ್ತಾಗ್ಬೇಕು. ಎದುರು ನಿಂತು ಹೇಳ್ಲಿಕ್ಕೆ ಮೂರು ವರ್ಷದಲ್ಲಿ ನನ್ನಿಂದ ಆಗ್ಲಿಲ್ಲ.”

ಅವರ ಕೋರಿಕೆಯಂತೆ ಇಲ್ಲಿ ಯಾವ ಹೆಸರನ್ನೂ ಬದಲಿಸಿಲ್ಲ.