ಎರಡು ಬೆರಳಿನ ಆದಾಯ

ಹತ್ತೊಂಬತ್ತು ವರ್ಷ ಆಕೆ ಒಂದೇ ಮುದ್ರಣಾಲಯದಲ್ಲಿ ಕಾಗದ ಕತ್ತರಿಸಿದಳು. ಅಲ್ಲಿ ಎಲ್ಲರಿಗೂ ಆಕೆ ಬೈಂಡರಮ್ಮ. ಕತ್ತರಿಸುವ ಯಂತ್ರದೊಳಗೆ ಕೈಯಿದ್ದರೆ ಅಲಗು ಇಳಿಯದಂತೆ ತಡೆಯುವ ಸಾಧನ ಕೆಟ್ಟಿದೆ ಎಂದು ಮೂರು ಸಲ ಹೇಳಿದ್ದಳು. “ನೋಟ್‌ಬುಕ್ಕಿನ ಸೀಸನ್ ಮುಗೀಲಮ್ಮ, ನೋಡೋಣ” ಎಂದಿದ್ದ ಮಾಲೀಕ. ಸೀಸನ್ ಮುಗಿಯುವ ಮೊದಲೇ ಬಲಗೈಯ ಎರಡು ಬೆರಳು ಹೋದವು.

ಪರಿಹಾರದ ಹಣ ಒಂದೇ ಗಂಟಾಗಿ ಬಂತು. ಆಸ್ಪತ್ರೆಗೆ, ಐದು ತಿಂಗಳ ಬಾಡಿಗೆಗೆ ಕರಗಿಯೂ ಹೋಯಿತು. ಕೆಲಸಕ್ಕೆ ಮರಳಿದವಳನ್ನು ಹಾಳೆ ಎಣಿಸಲು ಕೂರಿಸಿದರು. ಸಂಬಳ ಅರ್ಧಕ್ಕಿಳಿಯಿತು.

ಮಗಳು ರಸಾಯನಶಾಸ್ತ್ರ ಓದುತ್ತಿದ್ದಳು. ಶುಲ್ಕದ ಮುಕ್ಕಾಲು ಪಾಲು ಕಾಲೇಜಿನ ನೆರವಿನಿಂದಲೇ ಸಲ್ಲುತ್ತಿತ್ತು. ಎರಡನೇ ವರ್ಷಕ್ಕೆ ಆ ನೆರವು ರದ್ದಾಯಿತು. ಕಾರಣ: ಕುಟುಂಬದ ಆದಾಯದಲ್ಲಿ ಹೆಚ್ಚಳ.

“ಅಮ್ಮಾ, ಒಂದು ವರ್ಷ ಓದು ಬಿಟ್ಟು ಕೆಲಸಕ್ಕೆ ಹೋಗ್ತೀನಿ.”

“ಸುಮ್ನಿರು. ಯಾರ ಆದಾಯ ಹೆಚ್ಚಾಯ್ತು ಅಂತ ಕೇಳ್ಕೊಂಡು ಬರೋಣ, ನಡಿ.”

ಕಾಲೇಜಿನ ಕಚೇರಿಯಲ್ಲಿ ಗಾಜಿನ ಕಿಂಡಿಯ ಹಿಂದೆ ಗುಮಾಸ್ತ ಕೂತಿದ್ದ. “ಹೋದ ವರ್ಷ ನಿಮಗೆ ದೊಡ್ಡ ಮೊತ್ತ ಬಂದಿದೆ. ನಾವು ನೋಡೋದು ಹೋದ ವರ್ಷದ್ದೇ.”

“ಅದು ಪರಿಹಾರ ಸ್ವಾಮಿ, ಸಂಬಳ ಅಲ್ಲ.”

“ಫಾರಂನಲ್ಲಿ ಅದಕ್ಕೆ ಬೇರೆ ಕಾಲಂ ಇಲ್ಲಮ್ಮ. ಬಂದಿದ್ದೆಲ್ಲ ಆದಾಯಾನೇ.”

ಸದಾ ಚೀಲದ ಮರೆಯಲ್ಲಿರುತ್ತಿದ್ದ ಬಲಗೈಯನ್ನು ಆಕೆ ಕಿಂಡಿಯೊಳಗೆ ಚಾಚಿದಳು. “ಹಾಗಾದ್ರೆ ಸರಿಯಾಗಿ ಬರ್ಕೊಳ್ಳಿ. ಹೋದ ವರ್ಷ ಎರಡು ಬೆರಳು ಹೋಯ್ತು, ಇನ್ನೂ ಎಂಟಿದೆ. ವರ್ಷಕ್ಕೆರಡರಂತೆ ನಿಮ್ಮ ಲೆಕ್ಕದಲ್ಲಿ ಇನ್ನೂ ನಾಲ್ಕು ವರ್ಷ ನಾವು ಸಾಹುಕಾರರು!”

ಸಾಲಿನಲ್ಲಿದ್ದವರು ಕತ್ತು ಚಾಚಿ ನೋಡಿದರು. ಮಗಳು ತಲೆ ತಗ್ಗಿಸಿ ತಾಯಿಯ ತೋಳು ಎಳೆದಳು. ಗದ್ದಲ ಕೇಳಿ ಒಳಗಿನಿಂದ ಮೇಲಧಿಕಾರಿ ಬಂದರು, ನಡುವಯಸ್ಸಿನ ಹೆಂಗಸು. “ಆದಾಯ ದಿಢೀರ್ ಕಮ್ಮಿಯಾದವರಿಗೆ ಮರುಪರಿಶೀಲನೆ ಅರ್ಜಿ ಅಂತ ಒಂದಿದೆ. ಯಾರೂ ಕೇಳಲ್ಲ.”

“ಇದೆ ಅಂತ ಗೊತ್ತಿದ್ರೆ ತಾನೆ ಮೇಡಂ ಕೇಳೋದು!”

ಅರ್ಜಿಗೆ ಮಾಲೀಕನ ಪತ್ರ ಬೇಕಿತ್ತು. ‘ಆರೋಗ್ಯದ ಕಾರಣದಿಂದ ಸಂಬಳ ಕಡಿಮೆಯಾಗಿದೆ’ ಎಂದು ಬರೆದುಕೊಟ್ಟ. ಅವನ ಮುಂದೆಯೇ ಹರಿದು ಹಾಕಿದಳು. “ನನಗೇನು ಜ್ವರ ಬಂದಿತ್ತಾ? ಯಂತ್ರ ಕೆಟ್ಟಿತ್ತು ಅಂತ ಬರೀರಿ.” ಕೊನೆಗೆ ‘ಅಪಘಾತ’ ಎಂದು ಬರೆಸಿಕೊಂಡೇ ಎದ್ದಳು.

ಉತ್ತರ ಬರಲು ಮೂರು ತಿಂಗಳು ಹಿಡಿಯಿತು. ನೆರವು ಮರಳಿತು, ಆದರೆ ವರ್ಷದ ಉಳಿದರ್ಧಕ್ಕೆ ಮಾತ್ರ. ಮೊದಲರ್ಧದ ಶುಲ್ಕಕ್ಕಾಗಿ ಮಗಳು ಬೆಳಿಗ್ಗೆ ಔಷಧಿ ಅಂಗಡಿಯಲ್ಲಿ ದುಡಿದಿದ್ದಳು. ಪ್ರಯೋಗಾಲಯದ ತರಗತಿಗಳು ತಪ್ಪಿ ಒಂದು ವಿಷಯದಲ್ಲಿ ಫೇಲಾದಳು. ಮತ್ತೆ ಪರೀಕ್ಷೆ ಕಟ್ಟಿ ಪಾಸು ಮಾಡಿಕೊಂಡಳು.

“ಅಂತೂ ಒಳ್ಳೇದಾಯ್ತಲ್ಲಮ್ಮ” ಎಂದರು ಮೇಲಧಿಕಾರಿ.

“ಏನು ಒಳ್ಳೇದಾಯ್ತು? ಆ ಅರ್ಜಿ ವಿಷಯ ಗೋಡೆಗೆ ಅಂಟಿಸಿ ಮೊದಲು.”

ಅಂಟಿಸಲಿಲ್ಲ. ಮುಂದಿನ ವರ್ಷ ಪ್ರವೇಶದ ದಿನಗಳಲ್ಲಿ ಆಕೆ ರಜೆ ಹಾಕಿ ಕಾಲೇಜಿನ ಗೇಟಿನ ಬಳಿ ನಿಂತು, ಬಂದಬಂದವರಿಗೆಲ್ಲ ಆ ಅರ್ಜಿಯ ಬಗ್ಗೆ ಹೇಳಿದಳು. ಕಾವಲುಗಾರ ಎರಡು ಸಲ ಓಡಿಸಿದ. ರಸ್ತೆಯ ಆಚೆ ಬದಿಗೆ ಹೋಗಿ ನಿಂತಳು.